ಅಗಿಸ್ತ್ರಿಯಲ್ಲಿ ಒಂದು ಸ್ನಾನ

"ಇವನು ನಿನ್ನ ಗಂಡನಾ?" ಎಂದು ಯಾಯಾ ಕೇಳಿದಳು.

ದೋಣಿ ಆಗಷ್ಟೇ ಪಿರಿಯಸ್ ಬಂದರು ಬಿಟ್ಟಿತ್ತು. ಕಿಟಕಿಯ ಗಾಜಿಗೆ ಉಪ್ಪುನೀರು ಸಿಡಿಯುತ್ತಿತ್ತು. ಅದರಾಚೆ ಅಥೆನ್ಸ್ ನಗರ ಬೆಟ್ಟಗಳ ತುಂಬ ಬೆಳ್ಳಗೆ ಹರಡಿಕೊಂಡು ನಿಧಾನವಾಗಿ ಹಿಂದೆ ಸರಿಯುತ್ತಿತ್ತು. ಯಾಯಾ ಕೇಳಿದ್ದು ಗ್ರೀಕಿನಲ್ಲಿ. ಅವಳಿಗೆ ಈಗ ಬೇರೆ ಭಾಷೆ ಉಳಿದಿಲ್ಲ.

"ಏನಂತೆ?" ಎಂದು ಉತ್ತಮ್ ನನ್ನ ಕಡೆ ಬಾಗಿದ.

"ನಿಮಗೆ ಚಳಿ ಆಗ್ತಿದೆಯಾ ಅಂತ ಕೇಳ್ತಿದಾರೆ."

"ಇಲ್ಲ ಅಂತ ಹೇಳು."

ನಾನು ಯಾಯಾಗೆ ಇಲ್ಲ ಎಂದೆ. ಅವಳು ನನ್ನನ್ನೊಮ್ಮೆ ಅವನನ್ನೊಮ್ಮೆ ನೋಡಿ, "ಹಾಗಾದರೆ ನಿನಗೆ ಕಣ್ಣಿಲ್ಲ" ಎಂದಳು.

"ಈಗೇನಂತೆ?"

"ಸ್ವೆಟರ್ ಹಾಕ್ಕೊಳ್ಳಿ ಅಂತೆ."

ಅವನು ತಕರಾರಿಲ್ಲದೆ ಸ್ವೆಟರ್ ಹಾಕಿಕೊಂಡ. ಕುತ್ತಿಗೆಯಿಂದ ತಲೆ ಹೊರಬಂದಾಗ ಕೂದಲೆಲ್ಲ ಎದ್ದು ನಿಂತಿತ್ತು. ಅದನ್ನು ನೋಡಿ ನನಗೆ ನಗು ಬಂತು. ನಾನು ನಕ್ಕಿದ್ದನ್ನು ಅವನು ನೋಡಿದ. ನಾನು ತಟ್ಟನೆ ಯಾಯಾಳ ಕಂಬಳಿ ಸರಿಪಡಿಸತೊಡಗಿದೆ. ಅದು ಸರಿಯಾಗಿಯೇ ಇತ್ತು.

ಯಾಯಾ ಎಂದರೆ ಗ್ರೀಕಿನಲ್ಲಿ ಅಜ್ಜಿ. ಅವಳ ಹೆಸರು ಸ್ತಮಾತಾ, ವಯಸ್ಸು ಎಂಬತ್ತೊಂಬತ್ತು. ನಾನು ಅಡಿಲೇಡ್‌ನ ಒಂದು ವೃದ್ಧಾಶ್ರಮದಲ್ಲಿ ಕೇರರ್. ಮೀಸುವುದು, ಉಡಿಸುವುದು, ತಿನ್ನಿಸುವುದು ನನ್ನ ಕೆಲಸ. ಉತ್ತಮ್ ಅಲ್ಲಿ ನರ್ಸ್. ಮೂರು ವರ್ಷಗಳ ಹಿಂದೆ ಮರೆವಿನ ಕಾಯಿಲೆ ಯಾಯಾಳ ಇಂಗ್ಲಿಷನ್ನು ಅಳಿಸಿತು. ಅವಳು ಹೇಳುವುದು ಯಾರಿಗೂ ಅರ್ಥವಾಗದೆ ಆಶ್ರಮದವರೆಲ್ಲ ಅವಳಿಗೆ ಸುಮ್ಮನೆ ತಲೆಯಾಡಿಸುತ್ತಿದ್ದರು. ನಾನು ಮಾತ್ರ ನೋಡುತ್ತಿದ್ದೆ. ಯಾವ ಮಾತಿಗೆ ಕೈ ಎಲ್ಲಿಗೆ ಹೋಗುತ್ತದೆ, ಯಾವ ಮಾತಿಗೆ ಕಣ್ಣು ತುಂಬುತ್ತದೆ ಎಂದು. ಹಾಗೆ ನೀರು, ನೋವು, ಸಾಕು, ಕೈ ಹಿಡಿ, ಇವೆಲ್ಲ ಬಂದವು. ಉಳಿದದ್ದು ಅವುಗಳ ಹಿಂದೆ ಬಂತು.

ಶಾಲೆಯಲ್ಲಿ ಇಂಗ್ಲಿಷ್ ಬಾರದೆ ತಲೆತಗ್ಗಿಸಿ ಕೂತವಳು ನಾನು. ಅಪ್ಪ ಮೈಸೂರಿನ ಹೋಟೆಲಿನಲ್ಲಿ ಅಡುಗೆಯವರಾಗಿದ್ದರು. ಅಡುಗೆಯವರ ವೀಸಾದ ಮೇಲೆ ನಮ್ಮನ್ನೆಲ್ಲ ಅಡಿಲೇಡ್‌ಗೆ ಕರೆತಂದಾಗ ನನಗೆ ಹದಿನೈದು. ಎರಡನೇ ವರ್ಷವೇ ಹತ್ತನೇ ತರಗತಿ ಅರ್ಧಕ್ಕೆ ಬಿಟ್ಟು ಅಪ್ಪನ ರೆಸ್ಟೊರೆಂಟಿನ ಸಿಂಕಿನ ಮುಂದೆ ನಿಂತೆ.

ಯಾಯಾಳ ಮೊಮ್ಮಗನಿಗೆ ಅಜ್ಜಿಯನ್ನು ಅವಳ ದ್ವೀಪದಲ್ಲೇ ಬಿಡಬೇಕೆಂಬ ಆಸೆ. ಅಥೆನ್ಸ್‌ನಿಂದ ದೋಣಿಯಲ್ಲಿ ಒಂದು ಗಂಟೆ ದೂರದ ಪುಟ್ಟ ಅಗಿಸ್ತ್ರಿ. ಅಲ್ಲಿ ಅವಳ ತಂಗಿಯ ಮಗಳು ಕತೀನಾ ಇದ್ದಾಳೆ. ಕರೆದುಕೊಂಡು ಹೋಗಲು ಒಬ್ಬ ನರ್ಸ್ ಬೇಕಿತ್ತು, ಮಾತು ತಿಳಿಯುವ ಒಬ್ಬಳು ಬೇಕಿತ್ತು. ಒಂದು ವಾರದ ಮಟ್ಟಿಗೆ ನಾವಿಬ್ಬರೂ ಹೊರಟೆವು.

ಆ ವಾರ ಮುಗಿದು ಮೂರು ದಿನಕ್ಕೆ ಯುಗಾದಿ. ಯುಗಾದಿಯೊಳಗೆ ಉತ್ತಮ್ ಒಂದು ಉತ್ತರ ಕೊಡಬೇಕಿತ್ತು. ಅವನ ಅಪ್ಪ ಅಮ್ಮ ಪರ್ತ್‌ನಲ್ಲಿದ್ದಾರೆ. ಅಮ್ಮ ಸುಭದ್ರಾ ಅವರ ಹೃದಯದ ಕವಾಟ ಕೆಟ್ಟಿತ್ತು, ಆಪರೇಷನ್‌ಗೆ ಸರದಿ ಕಾಯುತ್ತಿದ್ದರು. ಅವರು ನೋಡಿಟ್ಟಿದ್ದ ಹುಡುಗಿ ಕವನಾ, ಬ್ರಿಸ್ಬೇನ್‌ನ ಸೇಂಟ್ ಲೂಸಿಯಾದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಅವನು ಹೂಂ ಎಂದರೆ ಬ್ರಿಸ್ಬೇನ್‌ನಲ್ಲಿ ಕೆಲಸ, ಜೂನ್‌ನಲ್ಲಿ ಮದುವೆ.

ನನಗೆ ಉಳಿದಿದ್ದದ್ದು ಅಷ್ಟೇ. ಒಂದು ವಾರ, ಒಂದು ದ್ವೀಪ.

*

ಮಾರ್ಚ್ ತಿಂಗಳಲ್ಲಿ ಅಗಿಸ್ತ್ರಿಗೆ ಯಾರೂ ಬರುವುದಿಲ್ಲ. ಹೋಟೆಲುಗಳ ಮುಂದೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಹಗ್ಗ ಬಿಗಿದಿದ್ದರು. ಪೈನ್ ಮರಗಳು ನೀರಿನ ಅಂಚಿನವರೆಗೂ ಇಳಿದು ಬಂದಿದ್ದವು. ಇಡೀ ಊರಿನಲ್ಲಿ ಕೇಳುತ್ತಿದ್ದದ್ದು ಗಾಳಿ, ಒಂದು ಚರ್ಚಿನ ಗಂಟೆ, ಮತ್ತೆ ನಮ್ಮ ವೀಲ್‌ಚೇರಿನ ಸದ್ದು.

ಬೆಳಿಗ್ಗೆ ಯಾಯಾಳಿಗೆ ಟೀ ಕೊಡುವ ಮೊದಲು ಉತ್ತಮ್ ಒಂದು ತೊಟ್ಟು ತನ್ನ ಮಣಿಕಟ್ಟಿನ ಮೇಲೆ ಬಿಟ್ಟುಕೊಂಡು ಬಿಸಿ ನೋಡುತ್ತಿದ್ದ. ಆಶ್ರಮದಲ್ಲಿ ಬೇರೆ ಯಾವ ನರ್ಸೂ ಹಾಗೆ ಮಾಡುವುದನ್ನು ನಾನು ನೋಡಿಲ್ಲ. ನಾಲ್ಕು ವರ್ಷದಿಂದ ಆ ಮಣಿಕಟ್ಟನ್ನು ನೋಡುತ್ತ ಬಂದಿದ್ದೇನೆ. ಅಲ್ಲೊಂದು ಸಣ್ಣ ಮಚ್ಚೆಯಿದೆ. ಟೀ ಬೀಳುವುದು ಸರಿಯಾಗಿ ಅದರ ಪಕ್ಕದಲ್ಲಿ.

"ಏನು ನೋಡ್ತಿದೀಯ?" ಎಂದ ಒಂದು ದಿನ.

"ಟೀ ಬಿಸಿ ಇದೆಯಾ ಅಂತ."

"ನನ್ನ ಕೈ ನೋಡಿದ್ರೆ ನಿನಗೆ ಹೇಗೆ ಗೊತ್ತಾಗುತ್ತೆ?"

"ಕೈ ಹೇಳುತ್ತೆ," ಎಂದುಬಿಟ್ಟೆ. ಆಮೇಲೆ ಆ ದಿನವೆಲ್ಲ ಅವನ ಎದುರಿಗೆ ಬರಲಿಲ್ಲ.

ನಾನು ಬಾಯಿಬಿಡದಿರಲು ನಾಚಿಕೆಯೊಂದೇ ಕಾರಣವಾಗಿರಲಿಲ್ಲ. ಹೋದ ದೀಪಾವಳಿಗೆ ಅವನ ಅಪ್ಪ ಅಮ್ಮ ಅಡಿಲೇಡ್‌ಗೆ ಬಂದಿದ್ದರು. ಮಾಸನ್ ಲೇಕ್ಸ್‌ನ ಹಾಲಿನಲ್ಲಿ ಕನ್ನಡದವರ ಕಾರ್ಯಕ್ರಮವಿತ್ತು. ಅಪ್ಪನ ಜೊತೆ ನಾನೂ ಅಡುಗೆಗೆ ಹೋಗಿದ್ದೆ. ಬಡಿಸುವಾಗ ಸುಭದ್ರಾ ಅವರು ಕೇಳಿದರು.

"ಏನು ಓದಿದೀಯಮ್ಮ?"

"ಹತ್ತು, ಆಂಟಿ. ಪೂರ್ತಿ ಮಾಡ್ಲಿಲ್ಲ."

ಅವರು ಊಟದ ಕಡೆ ತಿರುಗಿದರು. ನಾನು ಎರಡು ಹೆಜ್ಜೆ ಮುಂದೆ ಹೋದ ಮೇಲೆ ಪಕ್ಕದವರಿಗೆ ಹೇಳಿದ್ದು ಕೇಳಿಸಿತು. "ನನ್ನ ಮಗ ಯಾರನ್ನ ನೋಡ್ತಾನೆ ಅಂತ ನನಗೆ ಗೊತ್ತಿಲ್ವಾ? ಅಡುಗೆಯವರ ಮನೆಯಿಂದ ಸೊಸೆ ತರೋಕೆ ಇಷ್ಟು ದೂರ ಬರಬೇಕಿತ್ತೇನ್ರೀ ನಾವು?"

ಕೈಯಲ್ಲಿದ್ದ ಸೌಟು ಅಲುಗದ ಹಾಗೆ ಹಿಡಿದುಕೊಂಡು ಆ ಸಾಲು ಮುಗಿಸಿದೆ. ಆದರೆ ಎಲ್ಲರೂ ಎದ್ದ ಮೇಲೆ ಅವರೇ ಅಡುಗೆಮನೆಯ ಬಾಗಿಲಿಗೆ ಬಂದಿದ್ದರು. ಬಿಸಿಬೇಳೆಬಾತ್ ಇನ್ನೂ ಇದೆಯಾ ಎಂದು ಕೇಳಿ, ನಿಂತುಕೊಂಡೇ ಇನ್ನೊಂದು ಸಲ ತಿಂದರು. ಮರಾಠಿ ಮೊಗ್ಗು ಎಷ್ಟು ಹಾಕಿದೆ ಎಂದು ಕೇಳಿದರು. ಹೇಳಿದೆ. ತಲೆಯಾಡಿಸಿ ಹೋದರು. ಆ ಎರಡರಲ್ಲಿ ಯಾವುದನ್ನು ನೆನಪಿಟ್ಟುಕೊಳ್ಳಬೇಕೋ ನನಗೆ ತಿಳಿಯಲಿಲ್ಲ.

*

ನಾಲ್ಕನೇ ದಿನ ಮಧ್ಯಾಹ್ನ ಸ್ವಲ್ಪ ಬಿಸಿಲು ಬಂತು. ಯಾಯಾಳನ್ನು ದೋಣಿಕಟ್ಟೆಗೆ ಕರೆದುಕೊಂಡು ಹೋದೆವು. ಕಲ್ಲಿನ ಬೆಂಚಿನ ಒಂದು ತುದಿಯಲ್ಲಿ ನಾನು, ಇನ್ನೊಂದರಲ್ಲಿ ಅವನು. ಮಧ್ಯದಲ್ಲಿ ಅವನು ತಂದಿದ್ದ ಕಿತ್ತಳೆ ಹಣ್ಣುಗಳು.

"ಒಂದು ವಿಷಯ ಹೇಳ್ಲಾ?" ಎಂದ, ಸಿಪ್ಪೆ ಸುಲಿಯುತ್ತ. "ಆಶ್ರಮದಲ್ಲಿ ನಾನೂ ನಾಲ್ಕು ವರ್ಷದಿಂದ ಇದೀನಿ. 'ಆಂದ್ರಾಸ್' ಅಂದ್ರೆ ಏನು ಅಂತ ನನಗೂ ಗೊತ್ತು."

ನನ್ನ ಕಿವಿ ಬಿಸಿಯಾಯಿತು. ಆಂದ್ರಾಸ್ ಎಂದರೆ ಗಂಡ.

"ದೋಣಿಯಲ್ಲೇ ಗೊತ್ತಾಗಿತ್ತಾ?"

"ಹೂಂ."

"ಮತ್ತೆ ಸ್ವೆಟರ್ ಯಾಕೆ ಹಾಕ್ಕೊಂಡ್ರಿ?"

"ನೀನು ಅಷ್ಟು ಕಷ್ಟಪಟ್ಟು ಸುಳ್ಳು ಹೇಳಿದೀಯ. ಮರ್ಯಾದೆ ಕೊಡಬೇಡ್ವಾ?" ಅವನು ನಗಲಿಲ್ಲ, ಆದರೆ ಕಣ್ಣಿನ ಪಕ್ಕದ ಗೆರೆಗಳು ನಕ್ಕವು. ಒಂದು ತೊಳೆ ನನ್ನ ಕಡೆ ಚಾಚಿದ. ತೆಗೆದುಕೊಳ್ಳುವಾಗ ಬೆರಳಿಗೆ ಬೆರಳು ತಾಗಿತು. ಇಬ್ಬರೂ ಕೈ ಹಿಂದಕ್ಕೆ ಎಳೆದುಕೊಂಡೆವು. ತೊಳೆ ಕೆಳಗೆ ಬಿತ್ತು.

"ಇನ್ಮೇಲೆ ಯಾಯಾ ಏನು ಹೇಳಿದ್ರೂ ಹೇಳಿದ ಹಾಗೇ ಹೇಳು," ಎಂದ. "ಪ್ರಾಮಿಸ್?"

ನಾನು ತಲೆಯಾಡಿಸಿದೆ.

ಯಾಯಾ ನೀರನ್ನೇ ನೋಡುತ್ತಿದ್ದಳು. ಕೆಲವು ಸಲ ಅವಳ ತಲೆಯೊಳಗೆ ಕಿಟಕಿ ತೆರೆದ ಹಾಗೆ ಆಗುತ್ತದೆ. ಅವಳು ಮಾತಾಡತೊಡಗಿದಳು. ನಾನು ಒಂದೊಂದೇ ವಾಕ್ಯ ಕನ್ನಡದಲ್ಲಿ ಹೇಳುತ್ತ ಹೋದೆ.

"ಇಲ್ಲೇ, ಈ ಕಟ್ಟೆ ಮೇಲೇ, ನಮ್ಮಮ್ಮ ಒಂದು ಫೋಟೊ ತೋರಿಸಿದ್ಳು. ಅಡಿಲೇಡ್‌ನಲ್ಲಿರೋ ಹುಡುಗನ ಫೋಟೊ. ಒಪ್ಪಿಗೆಯಾ ಅಂತ ಕೇಳಿದ್ಳು. ನನಗೆ ಇಲ್ಲೇ ಒಬ್ಬ ಇದ್ದ. ಪೈನ್ ಮರದ ಅಂಟು ತೆಗೆಯೋ ಹುಡುಗ. ಅಮ್ಮನಿಗೆ ಹುಷಾರಿರಲಿಲ್ಲ. ನಾನು ಸುಮ್ನಿದ್ದೆ. ಸುಮ್ನಿದ್ದಿದ್ದನ್ನೇ ಒಪ್ಪಿಗೆ ಅಂದ್ಕೊಂಡ್ರು." ಯಾಯಾ ಉಸಿರೆಳೆದುಕೊಂಡಳು. ನಾನೂ. "ಗಂಡ ಕೆಟ್ಟವನಲ್ಲ. ಆದರೆ ಅರವತ್ತೇಳು ವರ್ಷ ಆ ಮನೇಲಿ ಅತಿಥಿ ಥರ ಇದ್ದೆ."

ಒಂದು ಪದವನ್ನೂ ಬದಲಿಸಲಿಲ್ಲ.

ಉತ್ತಮ್ ಗಡಿಯಾರ ನೋಡಿದ. "ಪರ್ತ್‌ನಲ್ಲಿ ಈಗ ಎಂಟು ಗಂಟೆ. ಊಟಕ್ಕೆ ಕೂರೋ ಹೊತ್ತು," ಎಂದು ಎದ್ದ. ಚರ್ಚಿನ ಗೋಡೆಯ ಪಕ್ಕ ಹೋಗಿ ನಿಂತು ಫೋನ್ ಮಾಡಿದ. ದೂರದಿಂದ ನೋಡಿದೆ. ಅವನು ಮಾತಾಡಿದ್ದು ಎರಡು ನಿಮಿಷವೂ ಇಲ್ಲ. ಆಮೇಲೆ ಫೋನನ್ನು ಕಿವಿಯಿಂದ ತೆಗೆದು ಅದರ ಪರದೆಯನ್ನೇ ನೋಡುತ್ತ ನಿಂತ.

ವಾಪಸು ಬಂದು ವೀಲ್‌ಚೇರಿನ ಬ್ರೇಕ್ ಬಿಡಿಸಿದ. ಏನಾಯಿತೆಂದು ನಾನು ಕೇಳಲಿಲ್ಲ. ಗಾಲಿಕುರ್ಚಿ ತಳ್ಳುವಾಗ ಅವನ ಕೈ ನನ್ನ ಕೈಯ ಪಕ್ಕದಲ್ಲೇ ಇತ್ತು. ಕೆಳಗೆ ಬಿದ್ದ ಕಿತ್ತಳೆಯ ತೊಳೆಗೆ ಇರುವೆಗಳು ಮುತ್ತಿದ್ದವು. ಅವತ್ತು ನಾನು ಸಂತೋಷವಾಗಿದ್ದೆ. ಅದನ್ನು ಈಗ ಬರೆಯಲೂ ಭಯವಾಗುತ್ತದೆ.

*

ಮಾರನೆಯ ಬೆಳಿಗ್ಗೆ ಗಾಳಿ ಎದ್ದಿತ್ತು. ದೋಣಿಗಳೆಲ್ಲ ನಿಂತವು. ನಾನು ಕತೀನಾಳ ಅಡುಗೆಮನೆಯಲ್ಲಿ ಯಾಯಾಳ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸುತ್ತಿದ್ದೆ. ಉತ್ತಮ್‌ನ ಫೋನ್ ಮೇಜಿನ ಮೇಲೆ ಕುಣಿಯಿತು. ಅವನ ಅಪ್ಪ ರಮಾಕಾಂತ್ ಅವರು. ಅವನ ಕೈಗೆ ಯಾಯಾಳ ಮುಲಾಮು ಹತ್ತಿತ್ತು. ಸ್ಪೀಕರ್ ಒತ್ತಿದ.

"ಉತ್ತಮ್, ಅಮ್ಮ ಹೋಗ್ಬಿಟ್ಳು ಕಣೋ."

ಹಾಲು ಒಲೆಯ ಮೇಲೆ ಉಕ್ಕಿತು. ನಾನು ಆರಿಸಿದೆ.

"ಮಧ್ಯಾಹ್ನ ಬಟ್ಟೆ ಒಣಗಿಸೋಕೆ ಹೋದ್ಳು. ಅಲ್ಲೇ ಬಿದ್ಳು. ಆಂಬುಲೆನ್ಸ್ ಬರೋ ಹೊತ್ತಿಗೆ ಏನೂ ಇರ್ಲಿಲ್ಲ. ನಿನ್ನೆ ನಿನ್ನ ಜೊತೆ ಮಾತಾಡಿದ ಮೇಲೆ ಊಟ ಮಾಡ್ಲಿಲ್ಲ ಅವಳು. ಸುಮ್ನೆ ಕೂತಿದ್ಳು."

"ಏನಾದ್ರೂ ಹೇಳಿದ್ಳಾ, ಅಪ್ಪ?"

"ಇಲ್ಲ." ಮತ್ತೆ, "ಇನ್ನು ಈ ಸಲ ಯುಗಾದಿ ಇಲ್ಲ ನಮಗೆ. ಹತ್ತು ದಿನ ದೀಪ ಹಚ್ಚೋ ಹಾಗಿಲ್ಲ. ನೀನು ಕೇಳಿದ ತಕ್ಷಣ ಸ್ನಾನ ಮಾಡ್ಬೇಕು, ಉಟ್ಟ ಬಟ್ಟೇಲೇ. ಸಮುದ್ರ ಇದೆಯಲ್ಲ ಅಲ್ಲಿ. ಮಾಡು. ಆಮೇಲೆ ಹೊರಡು."

ಅವನು ಕೈ ಒರೆಸಿಕೊಳ್ಳಲಿಲ್ಲ. ಚಪ್ಪಲಿ ಹಾಕಲಿಲ್ಲ. ಬಾಗಿಲು ತೆರೆದು ಇಳಿದು ಹೋದ. ಮನೆಯ ಕೆಳಗೇ ಬೆಣಚುಕಲ್ಲಿನ ಸಣ್ಣ ತೀರ. ಗಾಳಿ ಅವನ ಸ್ವೆಟರನ್ನು ಬೆನ್ನಿಗೆ ಒತ್ತಿತ್ತು, ದೋಣಿಯಲ್ಲಿ ಹಾಕಿಕೊಂಡಿದ್ದ ಅದೇ ಸ್ವೆಟರ್. ಮೊಣಕಾಲಿನವರೆಗೆ ಹೋಗಿ ನಿಂತ. ಮುಂದೆ ಹೋಗಲು ಆಗಲಿಲ್ಲವೇನೋ. ಅಲೆ ಬಂದು ಅವನನ್ನು ಅಲ್ಲಾಡಿಸಿ ಹೋಗುತ್ತಿತ್ತು.

ನಾನು ಹೊಸ್ತಿಲಲ್ಲಿ ನಿಂತು ನೋಡಿದೆ. ಹುಟ್ಟಿದಾಗಿನಿಂದ ನಾನು ಮಾಡಿದ್ದೇ ಅದು, ಬಾಗಿಲಲ್ಲಿ ನಿಂತು ನೋಡುವುದು. ಅವನ ಭುಜ ಅಲುಗುತ್ತಿತ್ತು. ಸತ್ತವರ ಮನೆಯವರು ಮಾತ್ರ ಮುಳುಗಬೇಕಾದ ನೀರು ಅದು. ಬೇರೆಯವರು ದಡದಲ್ಲಿ ಟವೆಲ್ ಹಿಡಿದು ನಿಲ್ಲಬೇಕು. ಟವೆಲ್ ನನ್ನ ಕೈಯಲ್ಲೇ ಇತ್ತು.

ಅದನ್ನು ಕಲ್ಲಿನ ಮೇಲೆ ಇಟ್ಟೆ. ಇಳಿದೆ.

ನೀರು ಕಾಲಿಗೆ ತಗುಲಿದಾಗ ಉಸಿರು ಸಿಕ್ಕಿಕೊಂಡಿತು. ಚೂಡಿದಾರದ ಪ್ಯಾಂಟು ಕಾಲಿಗೆ ಸುತ್ತಿಕೊಂಡಿತು.

"ಬರಬೇಡ," ಎಂದ, ತಿರುಗದೆ. "ನಿನಗೇನೂ ಸೂತಕ ಇಲ್ಲ."

"ಇದೆ," ಎಂದೆ.

ಅವನು ತಿರುಗಿದ. ಮುಖ ಗುರುತು ಸಿಗದ ಹಾಗಿತ್ತು. "ಏನು ಹೇಳ್ತಿದೀಯ ಅಂತ ಗೊತ್ತಿದೆಯಾ ನಿನಗೆ?"

"ಗೊತ್ತಿದ್ದೇ ಬಂದೆ."

"ದೇವಕಿ, ನಿನ್ನೆ ಕವನಾ ಬೇಡ ಅಂದೆ ಅಮ್ಮನಿಗೆ. ನಿನ್ನ ಹೆಸರು ಹೇಳಿದೆ. ಅವಳು ಮಾತೇ ಆಡ್ಲಿಲ್ಲ. ಫೋನ್ ಇಟ್ಬಿಟ್ಳು. ಅಷ್ಟೇ. ಇನ್ನು ಏನೂ ಕೇಳೋಕಾಗಲ್ಲ." ಅವನ ಹಲ್ಲು ಕಟಕಟಿಸುತ್ತಿತ್ತು. "ನಾನೇ ಕೊಂದೆ."

ಹಾಗಾದರೆ ಯಾಯಾಳ ಮಾತನ್ನು ಕನ್ನಡ ಮಾಡಿದವಳು ನಾನು. ಒಂದು ಪದ ಬದಲಿಸಬಹುದಿತ್ತು. ಚಳಿಯಾಗುತ್ತಿದೆಯಂತೆ, ಮನೆಗೆ ಹೋಗೋಣವಂತೆ ಎನ್ನಬಹುದಿತ್ತು. ಅದನ್ನು ಅವನಿಗೆ ಹೇಳಿದೆ. ಹೇಳಿ, "ಅದಕ್ಕೇ ಇದೆ ಅಂದಿದ್ದು. ಒಬ್ಬರಿಗೇ ಬಿಡಲ್ಲ," ಎಂದೆ.

ಅವನ ಕೈ ಹಿಡಿದುಕೊಂಡೆ. ನಾಲ್ಕು ವರ್ಷ ನೋಡಿದ ಮಣಿಕಟ್ಟು. ಮಂಜಿನ ಹಾಗೆ ತಣ್ಣಗಿತ್ತು. ಇಬ್ಬರೂ ಸೊಂಟದವರೆಗೆ ಹೋಗಿ ಮೂರು ಸಲ ಮುಳುಗಿದೆವು. ಕಣ್ಣು ಮುಚ್ಚಿದಾಗ ನನಗೆ ಕಂಡದ್ದು ಅಡುಗೆಮನೆಯ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತ ಸುಭದ್ರಾ ಅವರು. ಎರಡನೇ ಸಲ ತಿನ್ನುತ್ತಿದ್ದರು. ಅವರಿಗೆ ನಾನು ಬೇಡವಾಗಿದ್ದೆ. ಆದರೂ ಅತ್ತೆ.

ದಡಕ್ಕೆ ಬಂದಾಗ ಕತೀನಾ ಕಂಬಳಿ ಹಿಡಿದು ನಿಂತಿದ್ದಳು. ಯಾಯಾಳನ್ನು ಗಾಲಿಕುರ್ಚಿಯಲ್ಲಿ ಅಂಗಳದ ಅಂಚಿಗೆ ತಂದಿದ್ದಳು. ಏನಾಯಿತೆಂದು ಯಾರೂ ಯಾಯಾಗೆ ಹೇಳಿರಲಿಲ್ಲ. ಅವಳು ನಮ್ಮಿಬ್ಬರನ್ನೂ ನೋಡಿ, ತಲೆಗೆ ಕಟ್ಟಿದ್ದ ತನ್ನ ಕರಿ ಬಟ್ಟೆಯನ್ನು ಬಿಚ್ಚಿ, ನನ್ನನ್ನು ಬಗ್ಗಿಸಿ, ಒದ್ದೆ ತಲೆಗೆ ಕಟ್ಟಿದಳು. ಗಂಟು ಹಾಕಲು ಅವಳ ಬೆರಳಿಗೆ ಬಹಳ ಹೊತ್ತು ಹಿಡಿಯಿತು. ಏನೋ ಹೇಳಿದಳು.

"ಏನಂತೆ?" ಎಂದ ಉತ್ತಮ್, ಕಂಬಳಿಯೊಳಗಿಂದ.

"ಸತ್ತವರ ಮನೆ ಹೆಂಗಸರು ಕರೀದು ಕಟ್ಟಬೇಕಂತೆ," ಎಂದೆ. ಹೇಳಿದ ಹಾಗೆಯೇ ಹೇಳಿದೆ.

*

ಮರುದಿನದ ಮೊದಲ ದೋಣಿಗೆ ಅವನು ಹೊರಟ. ನಾನು ಇನ್ನೆರಡು ದಿನ ಇದ್ದು ಯಾಯಾಳ ಔಷಧಿ, ಸ್ನಾನ, ಊಟ ಎಲ್ಲವನ್ನೂ ಕತೀನಾಗೆ ಕಲಿಸಬೇಕಿತ್ತು.

ಕಟ್ಟೆಯ ಮೇಲೆ ಅವನು ಬ್ಯಾಗ್ ಕೆಳಗಿಟ್ಟ. "ನಿನ್ನನ್ನ ನೋಡಿದಾಗೆಲ್ಲ ಅಮ್ಮನ ಮೌನ ನೆನಪಾಗಬಹುದು, ದೇವಕಿ. ನಿನ್ನ ಮೇಲೆ ಸಿಟ್ಟೂ ಬರಬಹುದು."

"ಬರಲಿ."

"ಪರ್ತ್‌ಗೆ ಬಾ ಅಂತ ಕರೆಯೋಕೂ ಆಗಲ್ಲ ಈಗ. ಯಾವಾಗ ಆಗುತ್ತೋ ಗೊತ್ತಿಲ್ಲ."

"ಕರೀಬೇಡಿ. ಸರಿಯಾಗಿ ಊಟ ಮಾಡಿ. ಅಪ್ಪನನ್ನ ನೋಡ್ಕೊಳ್ಳಿ."

ಅವನು ನನ್ನ ತಲೆಯ ಕರಿ ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಗಾಳಿಗೆ ಹಾರದ ಹಾಗೆ ಕಿವಿಯ ಹಿಂದೆ ಸಿಕ್ಕಿಸಿದ. ಅಷ್ಟೇ. ದೋಣಿ ಅಥೆನ್ಸ್‌ನ ಕಡೆ ಬಿಳಿ ಗೆರೆ ಎಳೆದುಕೊಂಡು ಹೋಯಿತು. ಗೆರೆ ಅಳಿಸಿಹೋಗುವವರೆಗೂ ನಿಂತಿದ್ದೆ.

ನಾನು ಹೊರಡುವ ದಿನ ಯಾಯಾ ನನ್ನನ್ನು ಗುರುತಿಸಲಿಲ್ಲ. ಯಾರ ಮನೆಯ ಹುಡುಗಿ ನೀನು ಎಂದು ಕೇಳಿದಳು.

*

ಯುಗಾದಿಯ ಬೆಳಿಗ್ಗೆ ಅಡಿಲೇಡ್‌ನ ನಮ್ಮ ಬಾಡಿಗೆ ಮನೆಯ ಬಾಗಿಲಿಗೆ ಅಪ್ಪ ಮಾವಿನೆಲೆ ಕಟ್ಟುತ್ತಿದ್ದರು. ಅಮ್ಮ ಎಣ್ಣೆಯ ಬಟ್ಟಲು ಹಿಡಿದು ನನ್ನ ಕೋಣೆಗೆ ಬಂದಳು. ಉತ್ತಮ್‌ನಿಂದ ಒಂದು ಮೆಸೇಜ್ ಬಂದಿತ್ತು. ಬೂದಿ ತಂದೆವು, ಇಷ್ಟೇ. ನಾನು ಇನ್ನೂ ಉತ್ತರ ಬರೆದಿರಲಿಲ್ಲ.

"ಏಳೇ ದೇವಕಿ. ಎಣ್ಣೆ ಹಚ್ತೀನಿ ಬಾ. ಬೇವು ಬೆಲ್ಲ ಕಲಸಿಟ್ಟಿದೀನಿ."

"ನನಗೆ ಈ ಸಲ ಯುಗಾದಿ ಇಲ್ಲಮ್ಮ."

"ಯಾಕೇ, ಹೊರಗಾದ್ಯಾ?"

"ಅಲ್ಲ. ಸೂತಕ."

ಅಮ್ಮನ ಕೈಯಲ್ಲಿ ಬಟ್ಟಲು ಓರೆಯಾಯಿತು. "ಏನೇ ಹಾಗಂದ್ರೆ? ಊರಿಂದ ಫೋನ್ ಬಂತಾ? ಯಾರು ಹೋದ್ರೇ?" ಅವಳ ದನಿಗೆ ಅಪ್ಪನೂ ಸ್ಟೂಲಿನಿಂದ ಇಳಿದು ಬಂದರು.

ಇಷ್ಟು ವರ್ಷ ನಾನು ಸುಮ್ಮನಿದ್ದುದನ್ನು ಎಲ್ಲರೂ ಅವರವರಿಗೆ ಬೇಕಾದ ಹಾಗೆ ಅಂದುಕೊಂಡಿದ್ದರು. ಎದ್ದು ಕೂತೆ. ದಿಂಬಿನ ಪಕ್ಕದಲ್ಲಿ ಮಡಿಸಿಟ್ಟಿದ್ದ ಕರಿ ಬಟ್ಟೆಯನ್ನು ಮಡಿಲಿಗೆ ಎಳೆದುಕೊಂಡೆ. ಅದರಲ್ಲಿ ಇನ್ನೂ ಉಪ್ಪಿತ್ತು.

"ಪರ್ತ್‌ನಲ್ಲಿ ನನ್ನ ಅತ್ತೆ ತೀರಿಕೊಂಡ್ರು, ಅಮ್ಮ," ಎಂದೆ. "ಉತ್ತಮ್ ಅವರ ತಾಯಿ."

ಅಮ್ಮ ನನ್ನ ಮುಖವನ್ನೇ ನೋಡಿದಳು. ಆಮೇಲೆ ಎಣ್ಣೆಯ ಬಟ್ಟಲನ್ನು ಸದ್ದಾಗದ ಹಾಗೆ ಕಿಟಕಿಯ ಮೇಲಿಟ್ಟು, ನನ್ನನ್ನು ಮುಟ್ಟದೆ, ಹಾಸಿಗೆಯ ಆಚೆ ತುದಿಯಲ್ಲಿ ಕೂತುಕೊಂಡಳು.

"ಎಷ್ಟನೇ ದಿನ ಇವತ್ತು?" ಎಂದು ಕೇಳಿದಳು.